ಸಂತೆಯಲ್ಲಿ ಕೊಟ್ಟ ಮುಖ

ಮುತಹರ್ ಜೊತೆ ಮತ್ತೊಮ್ಮೆ ಕೂತು ಕಾತ್ ಎಲೆ ಜಗಿಯಬೇಕು. ನನಗಿದ್ದದ್ದು ಅದೊಂದೇ ಆಸೆ. ನಮ್ಮ ಕುಲಕ್ಕೂ ಅವನ ಕುಲಕ್ಕೂ ಅಜ್ಜಂದಿರ ಕಾಲದಿಂದ ಹಾವು ಮುಂಗುಸಿಯ ಹಗೆ. ಆದರೆ ಕುರ್ಚಿಗೆ ಅಂಟಿಕೊಂಡಿದ್ದ ಅಧ್ಯಕ್ಷ ಇಳಿಯಲಿ ಎಂದು ಯೆಮನ್ ಬೀದಿಗೆ ಬಂದ ವರ್ಷ, ಬಂದೂಕುಗಳನ್ನು ಊರಿನಲ್ಲೇ ಬಿಟ್ಟು ರಾಜಧಾನಿ ಸನಾದ ಚೌಕಕ್ಕೆ ಹೋದ ನಾವಿಬ್ಬರೂ ಒಂದೇ ಡೇರೆಯಲ್ಲಿ ಬಿದ್ದುಕೊಂಡೆವು. ಅವನು ರೊಟ್ಟಿ ಕರಕಲು ಮಾಡುತ್ತಿದ್ದ, ನಾನು ಬೈಯುತ್ತಾ ತಿನ್ನುತ್ತಿದ್ದೆ. ಮಧ್ಯಾಹ್ನವೆಲ್ಲ ಎಲೆ ಜಗಿಯುತ್ತ, ದೇಶ ಹೇಗಿರಬೇಕೆಂದು ಜಗಳ. ಅಷ್ಟು ಸುಖವಾಗಿ ನಾನು ಇನ್ಯಾರ ಜೊತೆಗೂ ಜಗಳವಾಡಿಲ್ಲ.

ಅಧ್ಯಕ್ಷ ಇಳಿದ. ಓಟೂ ಬಂತು, ಚೀಟಿಯಲ್ಲಿದ್ದದ್ದು ಒಂದೇ ಹೆಸರು.

"ಒಬ್ಳೇ ಹುಡುಗೀನ ತೋರ್ಸಿ, ಆರಿಸ್ಕೋ ಅಂದ ಹಾಗಾಯ್ತಲ್ಲೋ," ಎಂದು ಮುತಹರ್ ನಕ್ಕ. ನಗುತ್ತಲೇ ಓಟು ಹಾಕಿ ಊರಿಗೆ ಮರಳಿದೆವು. ಆಮೇಲೆ ಬಂದದ್ದು ಯುದ್ಧ. ಮೇಲಿನ ಗುಡ್ಡ ಒಂದು ಪಡೆಗೆ, ಕೆಳಗಿನದು ಇನ್ನೊಂದಕ್ಕೆ. ನಮ್ಮೂರು ಇತ್ತ, ಅವನೂರು ಅತ್ತ.

ಉಳಿದದ್ದು ಮಂಗಳವಾರದ ಸಂತೆ. ಆ ದಿನ ಸಂತೆಯಲ್ಲಾಗಲಿ, ಹೋಗಿಬರುವ ದಾರಿಯಲ್ಲಾಗಲಿ ಹಗೆಯ ಮೇಲೂ ಕೈಯೆತ್ತುವಂತಿಲ್ಲ. ಅಲ್ಲಿ ವರ್ಷಗಟ್ಟಲೆ ಅವನಿಗಾಗಿ ಕಾದೆ. ಯಾರು ಗೆದ್ದರೇನು, ಯಾರು ಸೋತರೇನು, ನನಗೆ ಆ ಡೇರೆ ಬೇಕಿತ್ತು. ಕೊನೆಗೊಮ್ಮೆ ಒಣದ್ರಾಕ್ಷಿ ಮಾರುವವರ ಸಾಲಿನಲ್ಲಿ ಅವನು ಕಂಡಾಗ, ವಯಸ್ಸು ಮರೆತು ಓಡಿದೆ.

ಅವನೂ ನನ್ನನ್ನೇ ಹುಡುಕಿಕೊಂಡು ಬಂದಿದ್ದ. ಅವನ ಮಗ ಸಿನಾನ್ ಈಗ ಕೆಳಗಿನ ಗುಡ್ಡದ ಕಾವಲಿನಲ್ಲಿದ್ದಾನಂತೆ. ನನ್ನ ಮಗ ಘಮ್ದಾನ್ ಮೇಲಿನದರಲ್ಲಿ. ಕೂತೆವು, ಆದರೆ ನಮ್ಮಿಬ್ಬರಿಗೂ ಎಲೆ ರುಚಿಸಲಿಲ್ಲ. ಕೊನೆಗೆ ನಮ್ಮವರು ಮಾಡುವುದನ್ನೇ ಮಾಡಿದೆವು. ನಾಲ್ಕು ಜನರೆದುರು ನನ್ನ ಗಡ್ಡ ಹಿಡಿದು, "ನಿನ್ನ ಮಗ ನನ್ನ ಮುಖದಲ್ಲಿದ್ದಾನೆ," ಎಂದೆ. ಅವನೂ ಹಾಗೇ ಅಂದ. ಇನ್ನು ನಮ್ಮ ಕಡೆಯಿಂದ ಅವನ ಮಗನಿಗೆ ಏನಾದರೂ ಆದರೆ ಮಸಿ ಬೀಳುವುದು ನನ್ನ ಮುಖಕ್ಕೆ, ಅವರ ಕಡೆಯಿಂದ ನನ್ನ ಮಗನಿಗೆ ಆದರೆ ಅವನ ಮುಖಕ್ಕೆ. ತೊಳೆದರೆ ಹೋಗುವ ಮಸಿಯಲ್ಲ ಅದು.

ಘಮ್ದಾನ್‌ಗೆ ಹೇಳಿದೆ. "ಆಯ್ತಪ್ಪ, ನಾನು ಹೊಡೆಯಲ್ಲ. ಆದ್ರೆ ಫಿರಂಗಿಗೆ ನಿಮ್ಮ ಮುಖದ ಗುರುತು ಇರಲ್ಲ," ಎಂದ.

ಮುಂದಿನ ಸೋಮವಾರ ಕೆಳಗಿನ ಗುಡ್ಡದಿಂದ ಬಂದ ಶೆಲ್ಲಿಗೆ ನನ್ನ ಮಗ ಸತ್ತ. ಸಂಜೆಯೊಳಗೆ ಮಣ್ಣು ಮಾಡಿದೆವು. ಮರುದಿನ ಸಂತೆಗೆ ಹೊರಟೆ. ಮುತಹರ್‌ಗೆ ಉಗಿದು ಬರಲಿ ಎಂದು ತಮ್ಮಂದಿರು ತಡೆಯಲಿಲ್ಲ. ನನಗೆ ಅಳಬೇಕಿತ್ತು. ಅವನನ್ನು ಬಿಟ್ಟರೆ ಯಾರೆದುರು ಅಳಲಿ?

ಅವನು ಬಂದಿದ್ದ, ಸುದ್ದಿ ಅವನಿಗೂ ಮುಟ್ಟಿತ್ತು. ನನ್ನನ್ನು ಕಂಡದ್ದೇ ಎದ್ದು ನಿಂತು, ಹೆಗಲ ಶಾಲು ಎಳೆದು ಮುಖ ಪೂರ್ತಿ ಮುಚ್ಚಿಕೊಂಡ.

"ತೆಗಿಯೋ," ಎಂದೆ.

ತೆಗೆಯಲಿಲ್ಲ.

"ಮಗ ಹೋದ, ಮುತಹರ್. ನೀನಾದ್ರೂ ಮುಖ ತೋರ್ಸೋ."

ಶಾಲಿನೊಳಗಿಂದ ಅವನು ಅಳುವುದಷ್ಟೇ ಕೇಳಿಸಿತು.