ಡಿಸ್ಕಿನೊಳಗಿನ ಅಜ್ಜ

ಮದುವೆಗಳ ವಿಡಿಯೊ ತೆಗೆಯುವ ರೋಹಿಣಿಯ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಕಾಣುತ್ತಿರಲಿಲ್ಲ. ಅದರಲ್ಲಿ ಅವಳು ತೆಗೆದ, ಊರಿನ ಹುಡುಗಿ ಸುಪ್ರಿಯಾಳ ಮದುವೆಯ ವಿಡಿಯೊ ಇತ್ತು. ಮದುವೆಯಾದ ವಾರಕ್ಕೇ ಸುಪ್ರಿಯಾಳ ಅಜ್ಜ ತೀರಿಕೊಂಡಿದ್ದರು. ಅವರು ಅಕ್ಷತೆ ಹಾಕಿದ ದೃಶ್ಯ ಬೇರೆಲ್ಲೂ ಇಲ್ಲ. ಕ್ಯಾಮರಾದ ಕಾರ್ಡನ್ನು ರೋಹಿಣಿ ಆಗಲೇ ಅಳಿಸಿದ್ದಳು.

"ದೀಪಿಕಾನ್ನ ಕರಿಯೇ," ಎಂದಳು ಅತ್ತೆ ತಿಮ್ಮಕ್ಕ.

"ಅವಳೇ ಎಂತಕೆ?"

ರೋಹಿಣಿ, ದೀಪಿಕಾ ಇಬ್ಬರೂ ಹೊನ್ನಾವರದಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತವರು. ಈಗ ತಮ್ಮೂರು ಕರ್ಕಿಯ ಜನ ದೀಪಿಕಾಳ ರಿಪೇರಿ ಅಂಗಡಿಯ ಮುಂದೆ ಕಾಯುತ್ತಾರೆ. ಅಲ್ಲಿ ಹಾಯುವಾಗಲೆಲ್ಲ ರೋಹಿಣಿ ಮುಖ ತಿರುಗಿಸುತ್ತಾಳೆ.

ಬೋಟಿನಿಂದ ಬಂದ ಗಂಡ ಪ್ರಮೋದ ನಕ್ಕ. "ಇಂಜಿನ್ ಹಟ ಹಿಡಿದ್ರೆ ನಾವು ಎಂತ ಮಾಡೂದು? ಎರಡು ಗುದ್ದು, ಮತ್ತೆ ಮತ್ತೆ ಸ್ಟಾರ್ಟ್." ಒದ್ದೆ ಕೈ ಎತ್ತಿದ.

ಗುದ್ದು ಅಜ್ಜನ ಮೇಲೇ ಬೀಳುತ್ತದೆ ಎನಿಸಿತು ರೋಹಿಣಿಗೆ. ಆ ಕೈ ಹಿಡಿದಳು. ಆಮೇಲೆ ಫೋನ್ ಮಾಡಿದಳು.

"ದೀಪಿಕಾ, ಡಿಸ್ಕ್ ಕಾಣ್ತಿಲ್ಲ, ಇವರು ಗುದ್ದೂಕೆ ಹೊರಟಿದ್ರು. ಸ್ವಲ್ಪ ಬತ್ಯಾ?"

ಆ ಕಡೆ ದೀಪಿಕಾ ಯಾರಿಗೋ ಕಾಯಲು ಹೇಳಿದ್ದು ಕೇಳಿಸಿತು. ನಂತರ, "ಆತು."

ದೀಪಿಕಾ ಬಂದವಳೇ ಕೇಳಿದಳು, "ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂತಾ?"

"ಇಲ್ಲ."

"ಹಾಗಾದ್ರೆ ಅಡ್ಡಿಲ್ಲ. ಬಂದಿದ್ರೆ ಮತ್ತೆ ಚಾಲು ಮಾಡ್ಬಾರ್ದು. ಒಳಗಿನ ತಟ್ಟೆ ಗೀರಿ ಹೋಗ್ತದೆ. ಗುದ್ದಿದ್ರೂ ಅಷ್ಟೇ, ಭಾವ."

ಪ್ರಮೋದ ಕೈ ಹಿಂದೆ ಕಟ್ಟಿಕೊಂಡ.

ಅವಳು ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ತೆಗೆದಳು. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಕೈ ಒರೆಸಿಕೊಂಡು ಅದರ ಬಣ್ಣವಿಲ್ಲದ ಕಬ್ಬಿಣ ಮುಟ್ಟಿದಳು.

"ಅದಕ್ಕೂ ನಮಸ್ಕಾರವಾ?" ಎಂದ ಪ್ರಮೋದ.

"ಮೈಯಲ್ಲಿ ಸಣ್ಣ ಕರೆಂಟು ಕೂತಿರ್ತದೆ. ಇಲ್ಲಿ ಇಳೀಲಿ, ಡಿಸ್ಕಿಗೆ ಬ್ಯಾಡ."

ಡಿಸ್ಕಿನ ಅಂಚನ್ನಷ್ಟೇ ಹಿಡಿದಳು, ಅಡಿಯ ಸರ್ಕಿಟ್ಟಿನ ಹಸಿರು ಹಲಗೆಗೆ ಬೆರಳು ತಾಗಿಸಲಿಲ್ಲ. ಆ ಬೆರಳು ಹೆದರದ್ದನ್ನು ಕಂಡು ರೋಹಿಣಿಗೆ ಮತ್ತೆ ಹೊಟ್ಟೆ ಉರಿಯಿತು.

ಡಿಸ್ಕಿನ ವೈರಿನ ತುದಿ ಕಿಲುಬು ಹಿಡಿದಿತ್ತು. "ಕಡಲ ಗಾಳಿ," ಎಂದು ದೀಪಿಕಾ ಹೊಸ ವೈರು ಸಿಕ್ಕಿಸಿದಳು. ಪ್ಲಗ್ ಹಾಕಿ ಚಾಲು ಮಾಡಿದಾಗ ಈ ಸಲ ಡಿಸ್ಕ್ ಕಾಣಿಸಿತು. "ಮೊದಲು ಇನ್ನೊಂದು ಡಿಸ್ಕಿಗೆ ಪ್ರತಿ ತೆಗಿ. ಬೇರೆಲ್ಲ ಆಮೇಲೆ."

ಪ್ರತಿಯಾದ ಮೇಲೆ ಪರದೆಯಲ್ಲಿ ಅಜ್ಜ ನಡುಗುವ ಕೈಯಿಂದ ಅಕ್ಷತೆ ಹಾಕಿದರು. ದೀಪಿಕಾ ತುಂಬ ಹೊತ್ತು ನೋಡಿದಳು. "ಹೀಂಗೆ ತೆಗೆಯುಕೆ ನಂಗೆ ಯಾವತ್ತೂ ಬರ್ಲಿಲ್ಲ. ನಿನ್ನ ಕಂಡ್ರೆ ಅದೇ ಹೊಟ್ಟೆಕಿಚ್ಚು ನಂಗೆ."

ರೋಹಿಣಿ ಕುರ್ಚಿಯನ್ನು ಅವಳ ಕಡೆ ಸರಿಸಿದಳು.

"ನಾನೇ ಚಾ ಇಡ್ತೆ," ಎಂದ ಪ್ರಮೋದ. "ಕೈ ಒರೆಸ್ಕಂಡೇ."

ನಿಮ್ಮ ಮನೆಯ ಡಿಸ್ಕಿನಲ್ಲೂ ಯಾರೋ ನಿಮ್ಮವರಿದ್ದಾರೆ. ಇಂದೇ ಇನ್ನೊಂದು ಪ್ರತಿ ಮಾಡಿಡಿ. ಡಿಸ್ಕ್ ಕೈಕೊಟ್ಟರೆ ಗುದ್ದಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಪ್ಲಗ್ ತೆಗೆಯದೆ ಪೆಟ್ಟಿಗೆ ಬಿಚ್ಚಬೇಡಿ. ತಿಳಿದವರನ್ನು ಕರೆಯಿರಿ, ಅವರನ್ನು ಕಂಡರೆ ನಿಮಗೆ ಆಗದಿದ್ದರೂ.