ಬೆನ್ನು ಕೊಟ್ಟು ಕೂತ ಕೆಂಚ

ಮಾಘದ ಬಿಸಿಲು ಏರುತ್ತಿತ್ತು. ಜೋಳ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದರು. ಕುರಿಗಾರ ಮಾಳಪ್ಪ ಬದುವಿನ ಮೇಲೆ ಬುತ್ತಿ ಬಿಚ್ಚಿದ್ದ. ಅವನ ಹೆಂಡತಿ ಹೊಳೆವ್ವ ಕುಂಟುವ ಮರಿಯ ಕಾಲಿಗೆ ಅರಿಸಿನ ಮೆತ್ತುತ್ತಿದ್ದಳು. ಅವರೆದುರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಾನು ಹುಟ್ಟುತ್ತಿದ್ದೆ. ನಾನು ಒಂದು ಎಣ್ಣೆಬಣ್ಣದ ಚಿತ್ರ.

ನನ್ನನ್ನು ಬರೆದವರು ಆ ಊರಿನ ಡ್ರಾಯಿಂಗ್ ಮಾಸ್ತರು ವಿರುಪಣ್ಣ. ದೇವರನ್ನು, ರಾಜರನ್ನು ಬರೆಯುವವರಲ್ಲ. ದುಡಿಯುವವರನ್ನು ಕಂಡ ಹಾಗೆ ಬರೆಯಬೇಕೆಂಬ ಹಟದವರು. ಜಿಲ್ಲಾ ಪ್ರದರ್ಶನದ ಬಹುಮಾನ ಒಮ್ಮೆಯಾದರೂ ಬರಲೆಂಬ ಆಸೆಯೂ ಇತ್ತು. ಈ ಸಲ ಅವರು ಬರೆಯಹೊರಟದ್ದು ಮಾಳಪ್ಪನ ನಾಯಿ ಕೆಂಚನ ನಿಷ್ಠೆಯನ್ನು. ಎಂಟು ದಿನ ಬರೆದರು. ಉಣ್ಣುವ ಒಡೆಯನ ಮುಖವನ್ನೇ ನೋಡುತ್ತ, ಕಣ್ಣು ಒದ್ದೆ ಮಾಡಿಕೊಂಡು ಕೂತ ಕೆಂಚ ನನ್ನ ಮೇಲೆ ಮೂಡಿದ.

ಮಾಳಪ್ಪ ಕೈ ತೊಳೆದು ಬಂದು ನೋಡಿ ತಲೆ ಕೆರೆದುಕೊಂಡ.

"ಯಾಕ ಮಾಳಪ್ಪ, ಚೊಲೋ ಇಲ್ಲೇನು?" ಎಂದರು ಮಾಸ್ತರು.

"ಚೊಲೋ ಐತ್ರಿ. ಆದರ ಇದು ನಮ್ಮ ಕೆಂಚ ಅಲ್ಲ. ಖಾನಾವಳಿ ಮುಂದಿನ ನಾಯಿ."

ಹೊಳೆವ್ವ ನಕ್ಕಳು. "ನಾವು ಉಣ್ಣಾಗ ಅಂವ ಈ ಕಡೆ ತಿರುಗಾಂಗಿಲ್ರಿ. ಕುರಿ ಕಡೆ ಮಾರಿ, ನಮ್ಮ ಕಡೆ ಬೆನ್ನು. ನಾವು ತಲಿ ಬಗ್ಗಿಸಿದಾಗನ ತೋಳ ಬರೂದು ಅಂತ ಅಂವಗ ಗೊತ್ತೈತಿ."

"ಹಂಗ ಬರದ್ರ ಮುಖ ಕಾಣೂದಿಲ್ಲ ತಂಗಿ. ಬಹುಮಾನನೂ ಬರೂದಿಲ್ಲ."

"ಹಂಗಾರ ಇರಲಿ ಬಿಡ್ರಿ," ಎಂದ ಮಾಳಪ್ಪ. "ಅಂವ ಮುದುಕ ಆಗ್ಯಾನ. ಹೋದ ಮ್ಯಾಲ ಇದನ್ನ ನೋಡಿದವ್ರು ಆಸೆಬುರುಕ ಅಂದಾರು. ಅಷ್ಟ ಸಂಕಟ ನೋಡ್ರಿ."

ಮಾಸ್ತರು ಬದುವಿನತ್ತ ತಿರುಗಿದರು. ಕೆಂಚ ಎಲ್ಲರಿಗೂ ಬೆನ್ನು ಕೊಟ್ಟು, ಕಿವಿ ನಿಗುರಿಸಿ ಕೂತಿದ್ದ. ಎಂಟು ದಿನವೂ ಹಾಗೆಯೇ ಕೂತಿದ್ದ. ಅವರು ಚಾಕು ತೆಗೆದು ನನ್ನ ಮೇಲಿನ ಆ ಒದ್ದೆ ಕಣ್ಣುಗಳನ್ನು ಕೆರೆದರು. ನನಗೆ ಉರಿಯಿತು, ಆದರೆ ಸುಳ್ಳು ಹೋಯಿತು. ಆ ಜಾಗಕ್ಕೆ, ಕುರಿಗಳತ್ತ ಮುಖ ಮಾಡಿ ಬೆನ್ನು ಕೊಟ್ಟು ಕೂತ ಕೆಂಚ ಬಂದ.

ಪ್ರದರ್ಶನದಲ್ಲಿ ತೀರ್ಪುಗಾರರೊಬ್ಬರು, "ನಾಯಿ ಮುನಿಸ್ಕೊಂಡ ಹಾಗಿದೆ" ಎಂದು ಮುಂದೆ ಹೋದರು. ಬಹುಮಾನ ಬರಲಿಲ್ಲ. ಮಾಸ್ತರು ನನ್ನನ್ನು ಮಾಳಪ್ಪನಿಗೇ ಕೊಡಲು ಹೋದರು. "ಊರೂರು ತಿರುಗೂ ನಮಗ ಗೋಡಿ ಎಲ್ಲೈತ್ರಿ?" ಎಂದ ಅವನು. ಹೀಗೆ ನಾನು ಮಾಸ್ತರ ಪಡಸಾಲೆ ಸೇರಿದೆ.

ಮರುವರ್ಷ ಕುರಿ ಆ ದಾರಿ ಹಿಡಿದು ಬಂದಾಗ ಮಾಳಪ್ಪ ಒಬ್ಬನೇ ಒಳಗೆ ಬಂದ. ಕೆಂಚ ಮಳೆಗಾಲದಲ್ಲೇ ತೀರಿಹೋಗಿದ್ದ. ಮಾಳಪ್ಪ ಬಹಳ ಹೊತ್ತು ನನ್ನ ಮೇಲಿನ ಆ ಬೆನ್ನನ್ನೇ ನೋಡಿದ.

"ಹೌದ್ರಿ, ಇವನ."

ಬಗಲಿನಿಂದ ಮಾಸಿದ ಕಂಬಳಿ ತುಂಡೊಂದನ್ನು ತೆಗೆದ. "ಇದರ ಮ್ಯಾಲ ಮಲಗತಿದ್ದ. ಚಿತ್ರದ ಹಿಂದ ಹಾಕ್ರಿ. ನಿಮ್ಮ ಗೋಡಿ ಥಂಡಿ ಐತಿ."

ಮಾಸ್ತರು ಈಗಿಲ್ಲ. ನನ್ನ ಜೊತೆಯ ಚಿತ್ರಗಳೆಲ್ಲ ಗೋಡೆಯ ತೇವಕ್ಕೆ ಬೂಸಲು ಹಿಡಿದು ಹೋದವು. ಬೆನ್ನಿಗೆ ಆ ಕಂಬಳಿ ಇದ್ದುದರಿಂದ ನಾನು ಉಳಿದೆ. ಬರೆದವರ ಋಣವನ್ನು ಇಷ್ಟು ವರ್ಷ ಗೋಡೆಯ ಮೇಲಿದ್ದು ಅಷ್ಟಿಷ್ಟು ತೀರಿಸಿದ್ದೇನೆ. ಕೆಂಚನದು ತೀರುವಂಥದ್ದಲ್ಲ.