ರುಮಾಲಿನೊಳಗಿನ ಕ್ರಾಂತಿ

ಬಳ್ಳಾರಿ ಕಚೇರಿಯ ನಾಲ್ವರು ಬ್ರಾಹ್ಮಣ ಗುಮಾಸ್ತರು ಜುಟ್ಟು ಕತ್ತರಿಸಿಕೊಳ್ಳುವುದೆಂದು ಆಣೆಯಿಟ್ಟಿದ್ದರು. ಮಠಕ್ಕೆ ತಿಳಿದರೆ ಜಾತಿಯಿಂದ ಹೊರಗೆ. ಅವರಲ್ಲಿ ಭೀಮಸೇನರಾಯ ಮಾತಿನಂತೆ ಕತ್ತರಿಸಿಕೊಂಡ. ಮರುದಿನವೇ ಅನುಮಾನ ಹೊಕ್ಕಿತು. ಕಚೇರಿಯಲ್ಲಿ ಯಾರೂ ತಲೆಗೆ ಸುತ್ತಿದ ರುಮಾಲು ತೆಗೆಯುವುದಿಲ್ಲ. ಉಳಿದವರು ಕತ್ತರಿಸಿದ್ದಾರೋ ಇಲ್ಲವೋ?

“ನಿಂದು ಆತೇನಲೇ?” ಎಂದು ಆಣೆಯಿಟ್ಟವರಲ್ಲೊಬ್ಬನಾದ ಗೆಳೆಯ ಜಯತೀರ್ಥನನ್ನು ಕೇಳಿದ.

“ಮೆಲ್ಲಕ ಮಾತಾಡಲೇ, ಗ್ವಾಡಿಗೂ ಕಿವಿ ಅದಾವ,” ಎಂದು ಅವನು ಕಣ್ಣು ತಪ್ಪಿಸಿದ.

ಏಕಾದಶಿಯ ಉಪವಾಸ ಮುಗಿದ ಮಾರನೆಯ ಬೆಳಿಗ್ಗೆ ಮಠದಲ್ಲಿ ಊಟ. ಬರಿದಲೆಯಲ್ಲೇ ಕೂರಬೇಕು. ಭೀಮಸೇನರಾಯ ಬಾಗಿಲಲ್ಲಿ ನಿಂತು ಇಣುಕಿದ. ಉಳಿದ ಮೂವರೂ ಪಂಕ್ತಿಯಲ್ಲಿದ್ದರು; ಮೂವರ ಜುಟ್ಟೂ ಎಣ್ಣೆಯಿಂದ ಮಿರುಗುತ್ತಿತ್ತು.

ಅವನನ್ನು ಮೊದಲು ಕಂಡವನು ಜಯತೀರ್ಥನೇ. “ಆಚಾರ್ರ, ಅಲ್ಲಿ ರುಮಾಲು ಸುತ್ತಿಗೊಂಡು ನಿಂತಾನ ನೋಡ್ರಿ! ಮೊದಲು ಅದನ್ನ ತೆಗಸ್ರಿ!”

ಪಂಕ್ತಿಯೆಲ್ಲ ತಿರುಗಿತು. ಭೀಮಸೇನರಾಯ ಎರಡೂ ಕೈಯಿಂದ ರುಮಾಲು ಒತ್ತಿ ಹಿಡಿದು, “ನನಗ ಇವತ್ತೂ ಉಪವಾಸರೀ,” ಎಂದ.